ಲೀಗುಗಳನ್ನು ಕೂಡಿಸುವ ಮುನ್ನ ಯುರೋಪಿನ ಸ್ಥಾನಗಳ ಲೆಕ್ಕವಾಗಲಿ

ಮಾನ್ಯ ಸಂಪಾದಕರೇ,

ಸಣ್ಣ ದೇಶಗಳ ಫುಟ್‌ಬಾಲ್ ಸೊರಗುತ್ತಿದೆ ಎಂಬ ಮಾತು ಬಂದಾಗಲೆಲ್ಲ ಕ್ರೀಡಾಪುಟಗಳಲ್ಲಿ ಒಂದೇ ಮದ್ದು ಕಾಣಿಸಿಕೊಳ್ಳುತ್ತದೆ. ಅಕ್ಕಪಕ್ಕದ ಎರಡು ಮೂರು ದೇಶಗಳ ಲೀಗುಗಳನ್ನು ಸೇರಿಸಿ ಒಂದು ದೊಡ್ಡ ಲೀಗ್ ಮಾಡಿಬಿಡಿ, ಪ್ರಸಾರ ಹಕ್ಕಿನ ದುಡ್ಡು ಹೆಚ್ಚುತ್ತದೆ, ಆಟದ ಮಟ್ಟ ಏರುತ್ತದೆ, ಒಳ್ಳೆಯ ಆಟಗಾರರು ಇಪ್ಪತ್ತಕ್ಕೇ ಊರು ಬಿಡುವುದು ನಿಲ್ಲುತ್ತದೆ ಎನ್ನುವ ಮದ್ದು. ಅದು ತಪ್ಪೇನಲ್ಲ. ಆದರೆ ಈ ಶತಮಾನದಲ್ಲಿ ಇದನ್ನು ಪುರುಷರ ಫುಟ್‌ಬಾಲ್‌ನಲ್ಲಿ ಪ್ರಯತ್ನಿಸಿದ ಯುರೋಪಿನ ದೇಶಗಳು ಒಂದೋ ಕೆಲವೇ ವರ್ಷಗಳಲ್ಲಿ ಅಂಗಡಿ ಮುಚ್ಚಿವೆ, ಇಲ್ಲವೇ ಕಾಗದದ ಮೇಲೇ ಕೈಬಿಟ್ಟಿವೆ. ಅಭಿಮಾನಿಗಳ ದೇಶಾಭಿಮಾನ, ಭಾಷೆ, ದೂರ ಎಂದು ಕಾರಣಗಳನ್ನು ಪಟ್ಟಿ ಮಾಡುವವರಿದ್ದಾರೆ. ಅವೆಲ್ಲ ಇವೆ, ಆದರೆ ಎರಡನೇ ಸಾಲಿನವು. ಮೊದಲ ಕಾರಣ, ಯುರೋಪಿನ ಫುಟ್‌ಬಾಲ್ ಆಡಳಿತ ನಡೆಸುವ ಒಕ್ಕೂಟವಾದ ಯುಇಎಫ್‌ಎ ಟೂರ್ನಿಗಳಿಗೆ ಯಾವ ದೇಶದಿಂದ ಎಷ್ಟು ಕ್ಲಬ್ ಹೋಗಬೇಕು ಎಂಬ ಲೆಕ್ಕವನ್ನು ಯಾರೂ ಮೊದಲೇ ಬಗೆಹರಿಸಿಕೊಳ್ಳದೆ ಹೊರಟದ್ದು.

ರೋಗ ಎಲ್ಲಿಂದ ಬಂತು ಎಂಬುದು ಗೊತ್ತಿರುವುದೇ. 1995ರ ಡಿಸೆಂಬರ್ 15ರಂದು ಬೆಲ್ಜಿಯಂ ಆಟಗಾರ ಬಾಸ್ಮನ್ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ ಕೊಟ್ಟ ತೀರ್ಪಿನ ನಂತರ ಒಪ್ಪಂದ ಮುಗಿದ ಆಟಗಾರನಿಗೆ ವರ್ಗಾವಣೆ ಶುಲ್ಕ ಕೇಳುವಂತಿಲ್ಲ, ಯುರೋಪಿಯನ್ ಒಕ್ಕೂಟದ ಆಟಗಾರರ ಮೇಲೆ ವಿದೇಶಿ ಮಿತಿ ಹೇರುವಂತಿಲ್ಲ ಎಂದಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನೆದರ್‌ಲೆಂಡ್ಸ್‌ನ ಆಯಕ್ಸ್ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. ಆ ಬಳಿಕ ಇಂಗ್ಲೆಂಡ್, ಸ್ಪೇನ್, ಇಟಲಿ, ಜರ್ಮನಿ, ಫ್ರಾನ್ಸ್ ಬಿಟ್ಟು ಬೇರೆ ದೇಶದಿಂದ ಆ ಕಪ್ ಎತ್ತಿದ್ದು 2004ರಲ್ಲಿ ಪೋರ್ಚುಗಲ್‌ನ ಪೋರ್ಟೊ ಮಾತ್ರ. 2024ರಿಂದ ಹೊಸ ಮಾದರಿಯಲ್ಲಿ ಚಾಂಪಿಯನ್ಸ್ ಲೀಗಿನ ಲೀಗ್ ಹಂತಕ್ಕೆ ಬಂದ ಪ್ರತಿ ಕ್ಲಬ್‌ಗೂ ಬಂದ ಮಾತ್ರಕ್ಕೇ 1.862 ಕೋಟಿ ಯೂರೊ ಸಿಗುತ್ತದೆ, ಯುರೋಪಾ ಲೀಗಿಗೂ ಕೆಳಗಿನ ಮೂರನೇ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ಗೆ ಬಂದರೆ 31.7 ಲಕ್ಷ. ಸಣ್ಣ ದೇಶದ ಕ್ಲಬ್‌ಗೆ ಈ ಎರಡನೆಯ ಮೊತ್ತವೂ ಇಡೀ ವರ್ಷದ ಸಂಬಳ ತೂಗಿಸುವಂಥದ್ದು. ಅರ್ಹತಾ ಸುತ್ತಿನಲ್ಲೇ ಸೋತು ಮನೆಗೆ ಬಂದರೂ ಕೈಗೆ ಬರುವ ಹಣ ಸ್ವದೇಶಿ ಪ್ರಸಾರದ ಪಾಲಿಗಿಂತ ಹೆಚ್ಚಿರುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

ಯುಇಎಫ್‌ಎಯಲ್ಲಿ 55 ಸದಸ್ಯ ಸಂಸ್ಥೆಗಳಿವೆ. ಸ್ಥಾನ ಸಿಗುವುದು ಸಂಸ್ಥೆಗೆ, ಲೀಗಿಗಲ್ಲ. ಐದು ಸೀಸನ್‌ಗಳ ಗುಣಾಂಕ ನೋಡಿ ಸಂಸ್ಥೆಗಳಿಗೆ ರ‍್ಯಾಂಕ್ ಕೊಡುತ್ತಾರೆ. ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು, ಅರ್ಹತಾ ಸುತ್ತಿನಲ್ಲಿ ಅದರ ಅರ್ಧ. ಒಟ್ಟನ್ನು ಆ ದೇಶ ಕಳಿಸಿದ ಕ್ಲಬ್‌ಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಪಟ್ಟಿಯ ಕೆಳಭಾಗದಲ್ಲಿರುವ ಸಂಸ್ಥೆಗೆ ಸಾಮಾನ್ಯವಾಗಿ ಮೂರು ನಾಲ್ಕು ಸ್ಥಾನ: ಚಾಂಪಿಯನ್ ತಂಡ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿಗೆ, ಉಳಿದವು ಕಾನ್ಫರೆನ್ಸ್ ಲೀಗಿನ ಅರ್ಹತಾ ಸುತ್ತಿಗೆ. ಈಗ ಅಂಥ ಮೂರು ದೇಶಗಳು ಸೇರಿ 14 ಕ್ಲಬ್‌ಗಳ ಒಂದು ಲೀಗ್ ಮಾಡಿದವು ಎಂದುಕೊಳ್ಳಿ. ಹಳೆಯ ಸ್ಥಾನಗಳೆಲ್ಲ ಉಳಿದರೆ ಸುಮಾರು ಹತ್ತು ಕ್ಲಬ್ ಯುರೋಪಿಗೆ, ಅಂದರೆ ಯುಇಎಫ್‌ಎ ಟೂರ್ನಿಗಳಿಗೆ, ಹೋಗುತ್ತವೆ. ಹದಿನಾಲ್ಕರಲ್ಲಿ ಹತ್ತು ತಂಡಕ್ಕೆ ಬಹುಮಾನವಿರುವ ಲೀಗಿನಲ್ಲಿ ಏಳನೆಯ ಸ್ಥಾನದ ತಂಡ ಯಾಕೆ ಓಡಬೇಕು? ಅಂಥ ಲೀಗನ್ನು ಯುಇಎಫ್‌ಎಯ ಉಳಿದ ಸಂಸ್ಥೆಗಳೂ ಒಪ್ಪುವುದಿಲ್ಲ. ಒಂದೇ ದೇಶದ ಲೆಕ್ಕ ಹಿಡಿದು ನಾಲ್ಕೇ ಸ್ಥಾನ ಕೊಟ್ಟರೆ ಈಗ ಯುರೋಪಿಗೆ ಹೋಗುತ್ತಿರುವ ಆರು ಕ್ಲಬ್‌ಗಳು ಮನೆಯಲ್ಲಿ ಕೂರಬೇಕು, ಮತ್ತು ಮತ ಹಾಕಬೇಕಾದವರು ಆ ಆರು ಕ್ಲಬ್‌ಗಳೇ. ಅದಕ್ಕಿಂತ ಹೆಚ್ಚಾಗಿ ಮೂರು ಚಾಂಪಿಯನ್ನರಲ್ಲಿ ಇಬ್ಬರು ಮಾಯವಾಗುತ್ತಾರೆ. ಚಾಂಪಿಯನ್ನರಿಗೆಂದೇ ಇರುವ ಅರ್ಹತಾ ಹಾದಿಯಲ್ಲಿ ಒಂದು ಸುತ್ತು ಸೋತರೂ ಕೆಳಗಿನ ಟೂರ್ನಿಯಲ್ಲಿ ಮತ್ತೊಂದು ಅವಕಾಶ ಸಿಗುತ್ತದೆ. ಸಣ್ಣ ದೇಶಕ್ಕೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ನಡೆದ ಪ್ರಯೋಗಗಳನ್ನು ಈ ಕಣ್ಣಿನಿಂದ ನೋಡಬೇಕು. 2004ರಲ್ಲಿ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ತಲಾ ನಾಲ್ಕು ಕ್ಲಬ್ ಸೇರಿಸಿ ರಾಯಲ್ ಲೀಗ್ ಆರಂಭಿಸಿದವು. ಮೊದಲೆರಡು ಬಾರಿ ಎಫ್‌ಸಿ ಕೋಪನ್‌ಹೇಗನ್, ಮೂರನೆಯ ಬಾರಿ ಬ್ರೋನ್‌ಬಿ ಗೆದ್ದವು. ನಾರ್ವೆ ಸ್ವೀಡನ್‌ಗಳಲ್ಲಿ ವಸಂತದಿಂದ ಶರತ್ಕಾಲದವರೆಗೆ ಲೀಗ್, ಡೆನ್ಮಾರ್ಕ್‌ನಲ್ಲಿ ಶರತ್ಕಾಲದಿಂದ ವಸಂತದವರೆಗೆ. ಮೂವರಿಗೂ ಬಿಡುವಿದ್ದದ್ದು ಚಳಿಗಾಲದಲ್ಲಿ ಮಾತ್ರ, ಹಾಗಾಗಿ ಹೆಪ್ಪುಗಟ್ಟಿದ ನೆಲದ ಮೇಲೆ, ಖಾಲಿ ಗ್ಯಾಲರಿಗಳ ಮುಂದೆ ಆಡಿದರು. ಗೆದ್ದರೆ ಯುರೋಪಿನ ಸ್ಥಾನವೂ ಇಲ್ಲ. ನಾಲ್ಕನೆಯ ಸೀಸನ್‌ಗೆ ಪ್ರಸಾರ ಹಕ್ಕು ಕೊಳ್ಳುವವರೇ ಸಿಗದೆ 2007ರಲ್ಲಿ ನಿಂತುಹೋಯಿತು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಬಾಲ್ಟಿಕ್ ಲೀಗ್ 2007ರಿಂದ 2011ರವರೆಗೆ ನಡೆಯಿತು. ಲೀಪಾಯಾ, ಕೌನಾಸ್, ವೆಂಟ್‌ಸ್ಪಿಲ್ಸ್, ರೀಗಾದ ಸ್ಕೊಂಟೊ, ಹೀಗೆ ಪ್ರತಿ ಸಲವೂ ಬೇರೆ ಗೆಲುವಿಗ. ಸ್ಪರ್ಧೆ ಇರಲಿಲ್ಲ ಎನ್ನುವಂತಿಲ್ಲ. ಆದರೆ ಅದು ಸ್ವದೇಶಿ ಲೀಗಿನ ಪಕ್ಕವಾದ್ಯ, ತರಬೇತುದಾರರು ಮೀಸಲು ಆಟಗಾರರನ್ನು ಇಳಿಸಲು ಬಳಸುವ ಜಾಗ. ಐರ್ಲೆಂಡ್ ದ್ವೀಪದ ಎರಡೂ ಕಡೆಯ ಕ್ಲಬ್‌ಗಳು 2005ರಿಂದ 2014ರವರೆಗೆ ಆಡಿದ ಸೆಟಾಂಟಾ ಕಪ್‌ನದೂ ಇದೇ ಕತೆ.

ಐರ್ಲೆಂಡನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಬೆಲ್‌ಫಾಸ್ಟ್ ಮತ್ತು ಡಬ್ಲಿನ್ ನಡುವೆ ರಸ್ತೆಯಲ್ಲಿ ಎರಡು ಗಂಟೆಯ ಹಾದಿ, ಮಾತು ಒಂದೇ, ರಗ್ಬಿಯಲ್ಲಿ ಇಡೀ ದ್ವೀಪಕ್ಕೆ ಒಂದೇ ತಂಡ. ಕೂಡಿಕೆಗೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ ಎನಿಸುತ್ತದೆ. ಆದರೆ ದಕ್ಷಿಣದ ಐರ್ಲೆಂಡ್ ಗಣರಾಜ್ಯದ ಲೀಗ್ 2003ರಿಂದ ಬೇಸಿಗೆಗೆ ಸರಿದಿದೆ, ಚಳಿಗಾಲದ ಕೊನೆಗೆ ಶುರುವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ಉತ್ತರ ಐರ್ಲೆಂಡಿನದು ಆಗಸ್ಟ್‌ನಿಂದ ಮೇವರೆಗೆ. ಎತ್ತು ಏರಿಗೆ, ಕೋಣ ನೀರಿಗೆ. 2019ರ ನವೆಂಬರ್‌ನಲ್ಲಿ ಗಣರಾಜ್ಯದ ಡಂಡಾಕ್ ಮತ್ತು ಉತ್ತರದ ಲಿನ್‌ಫೀಲ್ಡ್ ಎರಡು ಪಂದ್ಯಗಳ ಚಾಂಪಿಯನ್ಸ್ ಕಪ್ ಆಡಿದಾಗ ಮೊದಲನೆಯದು 1-1, ಎರಡನೆಯದು ಡಂಡಾಕ್ ಪರವಾಗಿ 6-0. ಒಬ್ಬರು ದೀರ್ಘ ಸೀಸನ್ ಮುಗಿಸಿ ಬಂದವರು, ಮತ್ತೊಬ್ಬರು ಸೀಸನ್ ನಡುವೆ ಇದ್ದವರು. ಮಟ್ಟದ ಅಂತರ ಎಷ್ಟು, ಕ್ಯಾಲೆಂಡರಿನ ಅಂತರ ಎಷ್ಟು ಎಂದು ಆ ಅಂಕೆಗಳಿಂದ ಹೇಳಲಾಗದು. ಉದ್ಯಮಿ ಕೀರನ್ ಲೂಸಿಡ್ ಮುಂದಿಟ್ಟ ಇಡೀ ದ್ವೀಪದ ಲೀಗಿನ ಯೋಜನೆಗೆ ಉತ್ತರ ಐರ್ಲೆಂಡಿನ ಸಂಸ್ಥೆ ಒಪ್ಪಿಗೆ ಕೊಡಲಿಲ್ಲ. ಒಪ್ಪದ್ದಕ್ಕೆ ರಾಜಕೀಯದ ಬಣ್ಣ ಕಟ್ಟುವುದು ಸುಲಭ. ಆದರೆ ಎರಡು ಚಾಂಪಿಯನ್ ಸ್ಥಾನ, ಎರಡು ಕಪ್ ಸ್ಥಾನ ಇರುವ ದ್ವೀಪದಲ್ಲಿ ಅವು ಒಂದೊಂದಾಗಿಬಿಟ್ಟರೆ ಗತಿಯೇನು ಎಂದು ಕೇಳಿದ ಕ್ಲಬ್ ಕಾರ್ಯದರ್ಶಿಯನ್ನು ಸಂಕುಚಿತ ಬುದ್ಧಿಯವನು ಎನ್ನಲಾಗದು.

ಮಹಿಳೆಯರ ಫುಟ್‌ಬಾಲ್‌ನಲ್ಲಿ ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್ ಒಂದು ಹೆಜ್ಜೆ ಮುಂದೆ ಹೋದವು. 2012ರಲ್ಲಿ ಎಂಟು ಡಚ್, ಎಂಟು ಬೆಲ್ಜಿಯನ್ ಕ್ಲಬ್‌ಗಳಿಂದ ಬೆನೆ ಲೀಗ್ ಶುರುವಾಯಿತು. ಮೊದಲ ವರ್ಷ ಸೀಸನ್‌ನ ಮೊದಲರ್ಧ ಆಯಾ ದೇಶದೊಳಗೆ, ಆಮೇಲೆ ಮೇಲಿನ ತಂಡಗಳು ಒಂದು ಗುಂಪಿಗೆ, ಕೆಳಗಿನವು ಇನ್ನೊಂದಕ್ಕೆ. ಮುಖ್ಯವಾದ ಸಂಗತಿ, ಎರಡೂ ದೇಶದ ಮೊದಲ ತಂಡಕ್ಕೆ ಚಾಂಪಿಯನ್ಸ್ ಲೀಗಿನ ಪ್ರತ್ಯೇಕ ಸ್ಥಾನ ಉಳಿಯಿತು, ಹಾಗಾಗಿ ಯುಇಎಫ್‌ಎಗೆ ತಕರಾರಿರಲಿಲ್ಲ. ಟ್ವೆಂಟೆ ಎರಡು ಬಾರಿ, ಸ್ಟಾಂಡರ್ಡ್ ಲೀಯೆಜ್ ಒಂದು ಬಾರಿ ಗೆದ್ದವು. ಮೂರೇ ಸೀಸನ್‌ಗೆ, 2015ರಲ್ಲಿ, ಎರಡೂ ದೇಶ ತಮ್ಮ ತಮ್ಮ ಲೀಗಿಗೆ ಮರಳಿದವು. ಸ್ಥಾನದ ಲೆಕ್ಕ ಸರಿಯಾಗಿದ್ದರೂ ನಿಂತಿತಲ್ಲ ಎಂದು ಕೇಳಬಹುದು. ಸ್ಥಾನದ ಲೆಕ್ಕ ಬಾಗಿಲು ತೆಗೆಯುತ್ತದೆ, ಅಷ್ಟೆ. ಒಳಗೆ ಮನೆ ನಡೆಸಲು ದುಡ್ಡು ಬೇಕು. ಆಗಿನ ಮಹಿಳಾ ಫುಟ್‌ಬಾಲ್‌ನಲ್ಲಿ ಗೇಟು ಮತ್ತು ಪ್ರಸಾರದ ಆದಾಯ ಎರಡೂ ತೆಳು, ಗಡಿ ದಾಟುವ ಪ್ರಯಾಣ ಮಾತ್ರ ದಪ್ಪ.

ಪುರುಷರ ಬೆನೆಲೀಗ್‌ನಲ್ಲಿ (ಇದೇ ಎರಡು ದೇಶಗಳ ಪುರುಷರ ಕ್ಲಬ್‌ಗಳನ್ನು ಕೂಡಿಸುವ ಯೋಜನೆ) ಸಮಸ್ಯೆ ತಿರುಗುಮುರುಗು. ದುಡ್ಡಿನ ಚಿತ್ರ ಚೆನ್ನಾಗಿತ್ತು. ಲೆಕ್ಕಪರಿಶೋಧನಾ ಸಂಸ್ಥೆ ಡೆಲಾಯ್ಟ್ ಮಾಡಿದ ಅಧ್ಯಯನ ವರ್ಷಕ್ಕೆ 25ರಿಂದ 40 ಕೋಟಿ ಯೂರೊ ಬರಬಹುದೆಂದು ಅಂದಾಜಿಸಿತು, 2021ರ ಮಾರ್ಚ್‌ನಲ್ಲಿ ಬೆಲ್ಜಿಯಂನ ವೃತ್ತಿಪರ ಕ್ಲಬ್‌ಗಳು ತಾತ್ವಿಕವಾಗಿ ಒಪ್ಪಿಯೂಬಿಟ್ಟವು. ಚರ್ಚೆಯಲ್ಲಿದ್ದದ್ದು 18 ಕ್ಲಬ್‌ಗಳ ಲೀಗ್. ಆಗ ಎರಡೂ ದೇಶದ ಮೇಲಿನ ಡಿವಿಷನ್‌ನಲ್ಲಿ 18ರಂತೆ ಒಟ್ಟು 36 ಕ್ಲಬ್‌ಗಳಿದ್ದವು. ಅರ್ಧದಷ್ಟು ಕ್ಲಬ್‌ಗಳು ಒಂದೂ ಪಂದ್ಯ ಸೋಲದೆಯೂ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಅವುಗಳ ಪಾಲಿಗೆ ಏನು ಬರುತ್ತದೆ ಎಂಬುದು ಬರೆದಿಡುವ ಮೊದಲೇ ಮೇಲಿನವರು ಪಾಲು ಹಂಚಿಕೊಳ್ಳತೊಡಗಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದ ಹಾಗಾಯಿತು. ಯೋಜನೆ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

ಇಡೀ ಲೀಗಿನ ಬದಲು ಒಂದೊಂದೇ ಕ್ಲಬ್ ಗಡಿ ದಾಟಿದ ಉದಾಹರಣೆಗಳು ಬೇಕಾದಷ್ಟಿವೆ, ಅವುಗಳಿಂದ ಕಲಿಯಬೇಕಾದ್ದೂ ಇದೆ. ಲಿಕ್ಟನ್‌ಸ್ಟೈನ್‌ನಲ್ಲಿ ಲೀಗೇ ಇಲ್ಲ, ಅಲ್ಲಿನ ಕ್ಲಬ್‌ಗಳು ಸ್ವಿಸ್ ಲೀಗಿನಲ್ಲಿ ಆಡುತ್ತವೆ. ಆದರೆ ಸ್ವಂತ ಕಪ್ ಟೂರ್ನಿ ಇಟ್ಟುಕೊಂಡು ಅದರ ವಿಜೇತರನ್ನು ಯುರೋಪಿಗೆ ಕಳಿಸುತ್ತದೆ. ವಾಡುಜ್ ಹಾಗೆಯೇ ಹೋಗಿ 2022-23ರಲ್ಲಿ ಕಾನ್ಫರೆನ್ಸ್ ಲೀಗಿನ ಗುಂಪು ಹಂತ ತಲುಪಿತು, ಅದೂ ಸ್ವಿಸ್ ಎರಡನೇ ಡಿವಿಷನ್‌ನಲ್ಲಿ ಆಡುತ್ತಿರುವಾಗ. ವೇಲ್ಸ್ ಇದಕ್ಕೆ ತದ್ವಿರುದ್ಧ. ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್ ಇಂಗ್ಲಿಷ್ ಲೀಗುಗಳಲ್ಲಿವೆ, 1990ರ ದಶಕದ ಮಧ್ಯದಿಂದ ವೆಲ್ಷ್ ಕಪ್‌ನ ಮೂಲಕ ಯುರೋಪಿಗೆ ಹೋಗುವ ದಾರಿ ಅವುಗಳಿಗೆ ಮುಚ್ಚಿದೆ. 2013ರಲ್ಲಿ ಸ್ವಾನ್ಸಿ ಯುರೋಪಾ ಲೀಗ್‌ಗೆ ಹೋದದ್ದು ಇಂಗ್ಲೆಂಡಿನ ಸ್ಥಾನ ಬಳಸಿ. ಡೆರಿ ಸಿಟಿ 1972ರಲ್ಲಿ ಉತ್ತರ ಐರ್ಲೆಂಡಿನ ಲೀಗ್ ಬಿಟ್ಟು, ಹದಿಮೂರು ವರ್ಷ ಹಿರಿಯ ಫುಟ್‌ಬಾಲ್‌ನಿಂದಲೇ ಹೊರಗಿದ್ದು, 1985ರಲ್ಲಿ ವಿಶೇಷ ಅನುಮತಿಯಿಂದ ಗಣರಾಜ್ಯದ ಲೀಗ್ ಸೇರಿತು. ಅದು ಪೂರ್ತಿಯಾಗಿ ಮನೆ ಬದಲಿಸಿದ ಕ್ಲಬ್, ಗಳಿಸುವ ಅಂಕಗಳೂ ಹೊಸ ಮನೆಯ ಖಾತೆಗೇ. ಟೊರಾಂಟೊ, ವ್ಯಾಂಕೂವರ್, ಮಾಂಟ್ರಿಯಲ್ ಅಮೆರಿಕದ ಎಂಎಲ್‌ಎಸ್‌ನಲ್ಲಿ ಆಡುತ್ತವೆ, ಖಂಡದ ಟೂರ್ನಿಗೆ ಹೋಗಲು 2008ರಿಂದ ಕೆನಡಿಯನ್ ಚಾಂಪಿಯನ್‌ಶಿಪ್ ಎಂಬ ಪ್ರತ್ಯೇಕ ದಾರಿ ಇದೆ. ಪಾಪ, ವೆಲಿಂಗ್ಟನ್ ಫೀನಿಕ್ಸ್‌ನದು ಎಲ್ಲರಿಗಿಂತ ಪೇಚಿನ ಪರಿಸ್ಥಿತಿ. 2007ರಿಂದ ಆಸ್ಟ್ರೇಲಿಯಾದ ಎ-ಲೀಗ್‌ನಲ್ಲಿದೆ, ಆಸ್ಟ್ರೇಲಿಯಾ ಏಷ್ಯಾ ಒಕ್ಕೂಟದಲ್ಲಿದೆ, ನ್ಯೂಜಿಲೆಂಡ್ ಓಷಿಯಾನಿಯಾದಲ್ಲಿ. ಲೀಗಿನಲ್ಲಿ ಎಷ್ಟೇ ಮೇಲೆ ಬಂದರೂ ಏಷ್ಯಾದ ಟೂರ್ನಿಗೆ ಪ್ರವೇಶವಿಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಸಂಗತಿ ತಿಳಿಯಾಗುತ್ತದೆ. ಸ್ವಂತ ದೇಶದ ಹೆಸರಿನ ಒಂದು ದಾರಿಯನ್ನು ಉಳಿಸಿಕೊಂಡ ಲಿಕ್ಟನ್‌ಸ್ಟೈನ್, ಕೆನಡಾಗಳ ವ್ಯವಸ್ಥೆ ನೆಮ್ಮದಿಯಾಗಿ ನಡೆದಿದೆ. ಉಳಿಸಿಕೊಳ್ಳದ ಕಡೆ ಒಂದಲ್ಲ ಒಂದು ತಕರಾರು.

ಈಗ ಕಾನೂನು. ಯುಇಎಫ್‌ಎ ನಿಯಮಾವಳಿಯ 51ನೇ ವಿಧಿ, ಬೇರೆ ಬೇರೆ ಸದಸ್ಯ ಸಂಸ್ಥೆಗಳ ಲೀಗುಗಳು ಅಥವಾ ಕ್ಲಬ್‌ಗಳು ಅನುಮತಿ ಇಲ್ಲದೆ ಕೂಟ ಕಟ್ಟುವಂತಿಲ್ಲ ಎನ್ನುತ್ತದೆ. ಒಂದು ಕ್ಲಬ್ ಮತ್ತೊಂದು ದೇಶದ ಸಂಸ್ಥೆಗೆ ಸೇರಬೇಕಾದರೆ ಎರಡೂ ಸಂಸ್ಥೆಗಳು, ಖಂಡದ ಒಕ್ಕೂಟ ಮತ್ತು ಫಿಫಾ, ಎಲ್ಲರ ಒಪ್ಪಿಗೆಯೂ ಬೇಕೆಂಬುದು ಫಿಫಾ ನಿಯಮ. 2014ರಲ್ಲಿ ಕ್ರಿಮಿಯಾದ ಮೂರು ಕ್ಲಬ್‌ಗಳನ್ನು ರಷ್ಯಾ ತನ್ನ ಮೂರನೇ ಡಿವಿಷನ್‌ಗೆ ಸೇರಿಸಿಕೊಂಡಾಗ ಅದೇ ಡಿಸೆಂಬರ್‌ನಲ್ಲಿ ಯುಇಎಫ್‌ಎ ತಡೆದದ್ದೂ ಇದೇ ಬಗೆಯ ನಿಯಮ ಹಿಡಿದು. 2023ರ ಡಿಸೆಂಬರ್ 21ರಂದು ಯುರೋಪಿಯನ್ ನ್ಯಾಯಾಲಯ ದೊಡ್ಡ ಕ್ಲಬ್‌ಗಳು ಯುಇಎಫ್‌ಎಯ ಹೊರಗೆ ಕಟ್ಟಹೊರಟ ಸೂಪರ್ ಲೀಗ್‌ನ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ತೋರಿಸಿ ಇನ್ನು ಯುಇಎಫ್‌ಎಯ ಅಪ್ಪಣೆಯೇ ಬೇಡ ಎನ್ನುವವರಿದ್ದಾರೆ. ತೀರ್ಪು ಹಾಗೆ ಹೇಳಿಲ್ಲ. ಅನುಮತಿ ಕೇಳುವಂತೆ ಮಾಡುವುದು ತಪ್ಪಲ್ಲ, ಆದರೆ ಅದಕ್ಕೆ ಪಾರದರ್ಶಕವಾದ, ವಸ್ತುನಿಷ್ಠವಾದ, ತಾರತಮ್ಯವಿಲ್ಲದ ಮಾನದಂಡ ಇರಬೇಕು ಎಂದಿದೆ. ಲಕ್ಸೆಂಬರ್ಗ್‌ನ ಸ್ವಿಫ್ಟ್ ಹೆಸ್ಪೆರಾಂಜ್ ಕ್ಲಬ್ ಲೀಗುಗಳು ದೇಶದ ಗಡಿಯೊಳಗೇ ಇರಬೇಕೆಂಬ ನಿಯಮವನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿದೆ. ಬಾಗಿಲು ಸಡಿಲವಾಗುತ್ತಿದೆ ನಿಜ, ಆದರೆ ಒದ್ದು ತೆಗೆಯುವುದಕ್ಕಿಂತ ಅರ್ಜಿ ಬರೆದು ತೆಗೆಸುವುದು ಅಗ್ಗ.

ಅರ್ಜಿ ಹೇಗಿರಬೇಕು? ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನೇ ತೆಗೆದುಕೊಳ್ಳೋಣ. ಮೂರೂ ಕಡೆ ಇತ್ತೀಚಿನ ಸೀಸನ್‌ಗಳಲ್ಲಿ 10 ಕ್ಲಬ್‌ಗಳು, ಪ್ರತಿ ಎದುರಾಳಿಯ ಮೇಲೆ ನಾಲ್ಕು ಬಾರಿ, ಒಟ್ಟು 36 ಪಂದ್ಯ. ಮೂರೂ ಕಡೆ ಮಾರ್ಚ್ ಸುಮಾರಿಗೆ ಶುರುವಾಗಿ ನವೆಂಬರ್‌ಗೆ ಮುಗಿಯುವ ಸೀಸನ್. ಮೂರೂ ಕಡೆ ಯೂರೊ ಚಲಾವಣೆ, ಮೂರೂ ಯುರೋಪಿಯನ್ ಒಕ್ಕೂಟದಲ್ಲಿವೆ. ಐರ್ಲೆಂಡಿನ ಅರ್ಧ ತಲೆನೋವು ಇಲ್ಲಿ ಹುಟ್ಟುವುದೇ ಇಲ್ಲ.

ಲೀಗುಗಳನ್ನು ಕರಗಿಸಬಾರದು, ಸೀಸನ್ನನ್ನು ಎರಡಾಗಿ ಸೀಳಬೇಕು. ಮೊದಲ ಹಂತದಲ್ಲಿ ಆಯಾ ದೇಶದೊಳಗೆ ತಲಾ ಎರಡು ಬಾರಿ ಆಡಿದರೆ 18 ಪಂದ್ಯ, ಜೂನ್ ಕೊನೆಗೆ ಮುಗಿಯುತ್ತದೆ. ಪ್ರತಿ ದೇಶದ ಮೊದಲ ನಾಲ್ಕು ತಂಡ, ಒಟ್ಟು 12, ಎರಡನೇ ಹಂತಕ್ಕೆ. ಇಲ್ಲಿ ಸ್ವದೇಶದ ಎದುರಾಳಿಗಳ ಮೇಲೆ ಮತ್ತೆ ಆಡುವುದು ಬೇಡ, ಮೊದಲ ಹಂತದಲ್ಲಿ ಆ ನಾಲ್ವರು ತಮ್ಮೊಳಗೆ ಆಡಿದ 6 ಪಂದ್ಯಗಳ ಅಂಕಗಳನ್ನು ಹಾಗೇ ಹೊತ್ತು ತರಲಿ. ಉಳಿದ ಎರಡು ದೇಶದ 8 ತಂಡಗಳ ಮೇಲೆ ತವರಿನಲ್ಲೊಮ್ಮೆ, ಹೊರಗೊಮ್ಮೆ, 16 ಪಂದ್ಯ. ಆರು, ಹದಿನಾರು ಸೇರಿ 22. ಅಂದರೆ 12 ತಂಡಗಳ ಪೂರ್ಣ ಡಬಲ್ ರೌಂಡ್ ರಾಬಿನ್ (ಎಲ್ಲರೂ ಎಲ್ಲರ ಮೇಲೆ ಎರಡೆರಡು ಬಾರಿ ಆಡುವ) ಅಂಕಪಟ್ಟಿ, ಒಂದೂ ಪಂದ್ಯ ಪೋಲಾಗದೆ. ಮೈದಾನಕ್ಕಿಳಿದದ್ದು 34 ಬಾರಿ, ಈಗಿನ 36ಕ್ಕಿಂತ ಎರಡು ಕಡಿಮೆ. ಪ್ರತಿ ದೇಶದಲ್ಲಿ ಕೆಳಗುಳಿದ ಆರು ತಂಡಗಳು ತಮ್ಮೊಳಗೆ ಮೂರು ಬಾರಿ ಆಡಿದರೆ 15, ಒಟ್ಟು 33. ಮೂರು ಬಾರಿ ಎಂದಾಗ ಕೆಲವರಿಗೆ ತವರಿನಲ್ಲಿ 8, ಕೆಲವರಿಗೆ 7 ಪಂದ್ಯ ಬರುತ್ತದೆ, ಮೊದಲ ಹಂತದಲ್ಲಿ ಮೇಲಿದ್ದ ತಂಡಕ್ಕೆ ಆ ಹೆಚ್ಚಿನ ಒಂದು ಕೊಟ್ಟರಾಯಿತು. ಕೆಳಗಿನ ಡಿವಿಷನ್‌ಗೆ ಇಳಿಯುವವರು ಈ ಆರರಿಂದಲೇ.

ಜಂಟಿ ಅಂಕಪಟ್ಟಿಯಲ್ಲಿ ಆಯಾ ದೇಶದಿಂದ ಅತಿ ಮೇಲಿರುವ ತಂಡವೇ ಆ ದೇಶದ ಚಾಂಪಿಯನ್. ಎರಡನೆಯ, ಮೂರನೆಯ ತಂಡಗಳೂ ಹಾಗೆಯೇ, ಕಪ್ ವಿಜೇತರು ಎಂದಿನಂತೆ. ಯುಇಎಫ್‌ಎಯ ಪಟ್ಟಿಯಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ: ಮೂರು ಸಂಸ್ಥೆ, ಮೂರು ಗುಣಾಂಕ, ಮೂರು ಚಾಂಪಿಯನ್. 51ನೇ ವಿಧಿಯ ಅನುಮತಿಯೊಂದು ಸಾಕು. ಬಾಸ್ಕೆಟ್‌ಬಾಲ್‌ನವರು ಇಂಥದನ್ನು ಆಗಲೇ ಮಾಡಿ ತೋರಿಸಿದ್ದಾರೆ. ಲಾಟ್ವಿಯಾ–ಎಸ್ಟೋನಿಯಾ ಜಂಟಿ ಲೀಗ್ 2018ರಿಂದ, ಬೆಲ್ಜಿಯಂ–ನೆದರ್‌ಲೆಂಡ್ಸ್‌ನ ಬಿಎನ್‌ಎಕ್ಸ್‌ಟಿ 2021ರಿಂದ ನಡೆದಿವೆ, ಎರಡೂ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಉಳಿಸಿಕೊಂಡೇ ಶುರುವಾದವು. ಹಿಂದಿನ ಯುಗೊಸ್ಲಾವಿಯಾದ ದೇಶಗಳ ಏಡ್ರಿಯಾಟಿಕ್ ಲೀಗ್ 2001ರಿಂದಲೂ ಇದೆ. ಹನ್ನೆರಡು ಜನರ ಸಣ್ಣ ತಂಡದ ಆಟಕ್ಕೆ ಇದು ಸುಲಭ ಎಂಬುದು ಬೇರೆ ಮಾತು.

ಸಂಪೂರ್ಣ ಕೂಡಿಕೆಯಲ್ಲಿ ಬಗೆಹರಿಯದ ಇನ್ನೊಂದು ಗಂಟು ಇಲ್ಲಿ ಬೀಳುವುದಿಲ್ಲ. 14 ತಂಡಗಳ ಮುಚ್ಚಿದ ಜಂಟಿ ಲೀಗಿನಲ್ಲಿ ಕೊನೆಯ ಮೂರೂ ತಂಡ ಒಂದೇ ದೇಶದವಾದರೆ? ದೇಶವಾರು ಸಂಖ್ಯೆ ಕಾಪಾಡಬೇಕೆಂದರೆ ಹತ್ತನೆಯ ಸ್ಥಾನದವರು ಇಳಿದು ಹದಿಮೂರನೆಯವರು ಉಳಿಯಬೇಕು, ಅದು ನ್ಯಾಯವಲ್ಲ. ಕಾಪಾಡುವುದಿಲ್ಲವೆಂದರೆ ಕೆಲವೇ ವರ್ಷದಲ್ಲಿ ಒಂದು ದೇಶದಿಂದ ಒಂದೋ ಎರಡೋ ಕ್ಲಬ್ ಉಳಿದು ಆ ದೇಶದ ಪ್ರಸಾರಕರೇ ಕೈಬಿಡುತ್ತಾರೆ. ಪ್ರತಿ ವರ್ಷವೂ ಎಲ್ಲರೂ ಸ್ವದೇಶದ ಮೊದಲ ಹಂತದಿಂದಲೇ ಹೊರಡುವ ಮಾದರಿಯಲ್ಲಿ ಈ ಪ್ರಶ್ನೆಯೇ ಏಳದು.

ಹಾಗೆಂದು ಈ ಮಾದರಿಯಲ್ಲಿ ತೊಡಕಿಲ್ಲವೆಂದಲ್ಲ. ಎರಡನೇ ಹಂತದ 16 ಸುತ್ತು ಜುಲೈ ಮಧ್ಯದಿಂದ ನವೆಂಬರ್ ಮಧ್ಯದೊಳಗೆ ಮುಗಿಯಬೇಕು. ರಾಷ್ಟ್ರೀಯ ತಂಡಗಳ ಪಂದ್ಯಗಳಿಗೆ ಬಿಡುವು ತೆಗೆದರೆ ಉಳಿಯುವುದು 14–15 ವಾರಾಂತ್ಯ. ಒಂದೆರಡು ಸುತ್ತು ವಾರದ ಮಧ್ಯೆ ಬರಲೇಬೇಕು, ಮತ್ತು ಅದೇ ಜುಲೈ–ಆಗಸ್ಟ್‌ನಲ್ಲಿ ಯುರೋಪಿನ ಅರ್ಹತಾ ಸುತ್ತುಗಳು ಇರುತ್ತವೆ. ಆದ್ದರಿಂದ ವಾರದ ಮಧ್ಯದ ಸುತ್ತುಗಳನ್ನು ಸೆಪ್ಟೆಂಬರ್ ನಂತರವೇ ಇಟ್ಟು, ಅವುಗಳಿಗೆ ಹತ್ತಿರದ ಊರುಗಳ ಜೋಡಿಯನ್ನೇ ಹಾಕಬೇಕು.

ಪ್ರಯಾಣದ ವಿಷಯ ಇನ್ನೂ ಸೂಕ್ಷ್ಮ. ಇಪ್ಪತ್ತು ಆಟಗಾರರು, ಎಂಟು ಹತ್ತು ಸಿಬ್ಬಂದಿ, ಒಂದು ಬಸ್. ಟಾಲಿನ್‌ನಿಂದ (ಎಸ್ಟೋನಿಯಾ) ರೀಗಾಕ್ಕೆ (ಲಾಟ್ವಿಯಾ) ಸುಮಾರು 310 ಕಿ.ಮೀ., ರೀಗಾದಿಂದ ಲಿಥುವೇನಿಯಾದ ವಿಲ್ನಿಯಸ್‌ಗೆ ಹೆಚ್ಚುಕಡಿಮೆ 300. ಬೆಳಿಗ್ಗೆ ಹೊರಟು ಆಡಿ ರಾತ್ರಿ ಮರಳಬಹುದಾದ ದೂರ. ಟಾಲಿನ್‌ನಿಂದ ವಿಲ್ನಿಯಸ್‌ಗೆ 600, ಹೊರಟರೆ ಒಂದು ರಾತ್ರಿ ಉಳಿಯಲೇಬೇಕು, ಹದಿನೈದು ಕೋಣೆ ಬೇಕು. ಲಾಟ್ವಿಯಾ ಮಧ್ಯದಲ್ಲಿರುವುದರಿಂದ ಅಲ್ಲಿನ ಕ್ಲಬ್‌ಗಳ ಖರ್ಚು ಕಡಿಮೆ, ಎರಡು ತುದಿಯವರದು ಹೆಚ್ಚು. ಇದನ್ನು ಆಯಾ ಕ್ಲಬ್ಬಿಗೇ ಬಿಟ್ಟರೆ ಮೂಗಿಗಿಂತ ಮೂಗುತಿ ಭಾರವಾಗಿ ಎರಡನೇ ವರ್ಷವೇ ಯಾರೋ ಒಬ್ಬರು ಹಿಂದೆ ಸರಿಯುತ್ತಾರೆ. ಒಂದು ಸಾಮಾನ್ಯ ನಿಧಿಯಿಂದ ಕಿಲೋಮೀಟರ್ ಲೆಕ್ಕದಲ್ಲಿ ಬಸ್ಸು, ರಾತ್ರಿಯ ಲೆಕ್ಕದಲ್ಲಿ ಕೋಣೆ ಎಂದು ಕೊಡಬೇಕು.

ಪ್ರಸಾರ ಮತ್ತು ಪ್ರಾಯೋಜಕರಿಂದ ಬರುವ ಹಣವನ್ನು ನೂರು ಭಾಗ ಮಾಡಿದರೆ ಹಂಚಿಕೆ ಹೀಗಿರಬಹುದು: 50 ಭಾಗ ಹನ್ನೆರಡು ಕ್ಲಬ್‌ಗಳಿಗೆ ಸಮವಾಗಿ, 20 ಭಾಗ ಸ್ಥಾನ ನೋಡಿ, 10 ಭಾಗ ಪ್ರಯಾಣ ನಿಧಿಗೆ, ಉಳಿದ 20 ಭಾಗ ಕೆಳಗುಳಿದ ಹದಿನೆಂಟು ಕ್ಲಬ್‌ಗಳಿಗೆ. ಈ ಕೊನೆಯ 20ನ್ನು ದಾನ ಎಂದುಕೊಳ್ಳುವವರೇ ಹೆಚ್ಚು. ದಾನವಲ್ಲ, ಅದು ಮತದ ಬೆಲೆ. ದೊಡ್ಡ ಕ್ಲಬ್‌ನ ಬಸ್ ತಮ್ಮ ಊರಿಗೆ ವರ್ಷಕ್ಕೆ ಎರಡು ಬಾರಿಯ ಬದಲು ಒಂದೇ ಬಾರಿ ಬರುವುದರಿಂದ ಆ ಹದಿನೆಂಟು ಕ್ಲಬ್‌ಗಳು ಗೇಟಿನ ದುಡ್ಡು ಕಳೆದುಕೊಳ್ಳುತ್ತವೆ, ಅದನ್ನು ತುಂಬಿಕೊಡದಿದ್ದರೆ ಸಂಸ್ಥೆಯ ಮಹಾಸಭೆಯಲ್ಲಿ ಪ್ರಸ್ತಾಪ ಬಿದ್ದುಹೋಗುತ್ತದೆ. ಇನ್ನೊಂದು ಕಹಿ ಮಾತು: ಮೂರೂ ದೇಶ ಸೇರಿದರೂ ಜನಸಂಖ್ಯೆ ಸುಮಾರು 60 ಲಕ್ಷ, ಅದರಲ್ಲೂ ಲಿಥುವೇನಿಯಾದವರ ಮನಸ್ಸು ಬಾಸ್ಕೆಟ್‌ಬಾಲ್ ಮೇಲೆ, ಲಾಟ್ವಿಯಾದವರದು ಐಸ್ ಹಾಕಿ ಮೇಲೆ. ಮೊದಲ ಮೂರು ವರ್ಷ ಪ್ರಸಾರದ ಹಣ ದೊಡ್ಡದಾಗಿ ಬರುತ್ತದೆಂದು ನಂಬಿ ಆಟಗಾರರಿಗೆ ಒಪ್ಪಂದ ಬರೆದುಕೊಡುವ ಕ್ಲಬ್ ದಿವಾಳಿಯಾಗುತ್ತದೆ. ನಿಜವಾದ ಲಾಭ ಬೇರೆ ಕಡೆ ಇದೆ. ವರ್ಷಕ್ಕೆ 16 ಬಾರಿ ಅಪರಿಚಿತ, ಸಮಬಲದ ಎದುರಾಳಿಗಳ ಮೇಲೆ ಆಡಿದ ತಂಡ ಜುಲೈನ ಅರ್ಹತಾ ಸುತ್ತಿನಲ್ಲಿ ತಬ್ಬಿಬ್ಬಾಗುವುದಿಲ್ಲ. ಲಕ್ಸೆಂಬರ್ಗ್‌ನ ಡುಡೆಲಾಂಜ್ 2018ರಲ್ಲಿ ಲೆಗಿಯಾ ವಾರ್ಸಾವನ್ನು, ಆಮೇಲೆ ಕ್ಲುಜ್ ತಂಡವನ್ನು ಮಣಿಸಿ ಯುರೋಪಾ ಲೀಗ್ ಗುಂಪು ಹಂತ ಸೇರಿದಾಗ ಒಂದೇ ಬೇಸಿಗೆ ಒಂದು ಕ್ಲಬ್‌ನ ಲೆಕ್ಕಪತ್ರವನ್ನೇ ಬದಲಿಸಿತು.

ಆಟಗಾರರ ನೋಂದಣಿಯನ್ನು ಮುಟ್ಟಬಾರದು. ಅದು ಆಯಾ ಸಂಸ್ಥೆಯಲ್ಲೇ ಇರಲಿ. ಹಾಗಾಗಿ ರೀಗಾದಿಂದ ಟಾಲಿನ್‌ಗೆ ಹೋಗುವ ಆಟಗಾರನದು, ಲೀಗ್ ಒಂದೇ ಆದರೂ, ಅಂತರರಾಷ್ಟ್ರೀಯ ವರ್ಗಾವಣೆಯೇ. ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬೇಕು, ತರಬೇತಿ ಪರಿಹಾರ ಕೊಡಬೇಕು, ವರ್ಗಾವಣೆ ಶುಲ್ಕವಿದ್ದರೆ ಅದರ ಶೇ 5 ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹೋಗಬೇಕು. 18 ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಗೆ ಫಿಫಾದ 19ನೇ ವಿಧಿ ಅಡ್ಡ ಬರುತ್ತದೆ, ಒಕ್ಕೂಟದೊಳಗೆ 16–18ರವರಿಗೆ ವಿನಾಯಿತಿ ಇದ್ದರೂ ಓದು, ವಸತಿಯ ಷರತ್ತುಗಳಿವೆ. ಇದು ಕಿರಿಕಿರಿ ಎನಿಸಬಹುದು. ಆದರೆ ಸಣ್ಣ ಕ್ಲಬ್‌ನ ಹುಡುಗನನ್ನು ಪಕ್ಕದ ದೇಶದ ದೊಡ್ಡ ಕ್ಲಬ್ ಪುಕ್ಕಟೆ ಎತ್ತಿಕೊಂಡು ಹೋಗದಂತೆ ಕಾಯುವ ಬೇಲಿಯೂ ಇದೇ. ಯುಇಎಫ್‌ಎ ಟೂರ್ನಿಗಳ 25 ಜನರ ಪಟ್ಟಿಯಲ್ಲಿ ಸ್ಥಳೀಯವಾಗಿ ಬೆಳೆದವರಿಗೆ 8 ಜಾಗ ಮೀಸಲು. ಅದರಲ್ಲಿ ನಾಲ್ಕನ್ನು ಬೇರೆ ಕ್ಲಬ್‌ನಲ್ಲಿ ಬೆಳೆದವರಿಂದ ತುಂಬಬಹುದು, ಆದರೆ ಅವರು ಅದೇ ಸಂಸ್ಥೆಯ ಕ್ಲಬ್‌ಗಳಲ್ಲಿ ಬೆಳೆದಿರಬೇಕು. ಜಂಟಿ ಲೀಗಿನಲ್ಲಿ ಬೆಳೆದ ಪಕ್ಕದ ದೇಶದವನು ಅಲ್ಲಿ ಲೆಕ್ಕಕ್ಕಿಲ್ಲ. ಇದನ್ನು ಮರೆತು ತಂಡ ಕಟ್ಟಿದವರು 25ರ ಬದಲು 21 ಜನರನ್ನು ಹಿಡಿದುಕೊಂಡು ಹೋಗಬೇಕಾಗುತ್ತದೆ. ಮೂರೂ ಸಂಸ್ಥೆಗಳ ವರ್ಗಾವಣೆ ಅವಧಿ ಒಂದೇ ದಿನ ತೆರೆದು ಒಂದೇ ದಿನ ಮುಚ್ಚಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಶಿಸ್ತು ಸಮಿತಿ ಎರಡನೇ ಹಂತಕ್ಕೆ ಒಂದೇ ಇರಲಿ, ಮೇಲ್ಮನವಿ ಲೊಸಾನ್‌ನ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ. ಮೊದಲ ಹಂತದ ಹಳದಿ ಕಾರ್ಡುಗಳು ಅಳಿದುಹೋಗಲಿ, ಮುಗಿಯದ ನಿಷೇಧಗಳು ಮಾತ್ರ ಮುಂದುವರಿಯಲಿ. ರೆಫರಿ ಮೂರನೇ ದೇಶದವರು, ಮೂರು ದೇಶಗಳಿರುವುದರ ಒಂದು ಸೊಗಸು ಇದು.

ಕೊನೆಯದಾಗಿ, ಒಪ್ಪಂದ ಬರೆಯುವಾಗ ಯಾರೂ ಓದಲು ಇಷ್ಟಪಡದ ಪುಟ. ಬ್ರೂನೈನ ಡಿಪಿಎಂಎಂ ಕ್ಲಬ್ 2009ರಲ್ಲಿ ಸಿಂಗಪುರದ ಲೀಗಿನಲ್ಲಿ ಆಡುತ್ತಿತ್ತು. ಸೀಸನ್ ನಡುವೆ ಫಿಫಾ ಬ್ರೂನೈ ಸಂಸ್ಥೆಯನ್ನು ಅಮಾನತು ಮಾಡಿತು. ಕ್ಲಬ್ ತನ್ನ ತಪ್ಪಿಲ್ಲದೆಯೂ ಹೊರಬಿತ್ತು, ಅದರ ಪಂದ್ಯಗಳ ಫಲಿತಾಂಶಗಳೆಲ್ಲ ಅಳಿಸಿಹೋದವು, ಅದರ ಮೇಲೆ ಗೆದ್ದವರ ಅಂಕಗಳೂ ಹೋದವು. ಮುಂದೆ ಅದೇ ಕ್ಲಬ್ ಮರಳಿ ಬಂದು 2015ರಲ್ಲಿ ಆ ಲೀಗನ್ನು ಗೆದ್ದಿತು ಎಂಬುದು ಸಮಾಧಾನದ ಮಾತು. ಸಿಂಗಪುರದ್ದೇ ಲಯನ್ಸ್‌ ಟ್ವೆಲ್ವ್ ತಂಡ 2012ರಿಂದ ಮಲೇಷ್ಯಾ ಲೀಗಿನಲ್ಲಿ ಆಡಿ, 2013ರಲ್ಲಿ ಚಾಂಪಿಯನ್ ಆಗಿ, 2015ರಲ್ಲಿ ಒಪ್ಪಂದ ನವೀಕರಣವಾಗದೆ ಇಲ್ಲವಾಯಿತು. ಆದ್ದರಿಂದ ಎರಡು ಷರತ್ತು ಬೇಕೇ ಬೇಕು. ಒಂದು ಸಂಸ್ಥೆ ಅಮಾನತಾದರೆ ಅಥವಾ ಕ್ಲಬ್ ಹೊರನಡೆದರೆ, ಆಡಿದ್ದು ಅರ್ಧಕ್ಕಿಂತ ಕಡಿಮೆಯಿದ್ದಲ್ಲಿ ಫಲಿತಾಂಶಗಳು ರದ್ದು, ಅರ್ಧ ದಾಟಿದ್ದರೆ ಆಡಿದ್ದು ಉಳಿದು ಮಿಕ್ಕವು 3-0 ಎಂದು ಎದುರಾಳಿಗೆ. ಎರಡನೆಯದು, ಮೊದಲ ಒಪ್ಪಂದ ಕನಿಷ್ಠ ಆರು ಸೀಸನ್‌ಗಳದ್ದಾಗಿರಬೇಕು, ಬಿಡುವವರು ಎರಡು ಸೀಸನ್ ಮೊದಲು ತಿಳಿಸಬೇಕು, ಬಿಟ್ಟ ದಿನ ಅವರ ರಾಷ್ಟ್ರೀಯ ಲೀಗ್ ಮರುದಿನವೇ 36 ಪಂದ್ಯಗಳಿಗೆ ಮರಳಲು ಸಿದ್ಧವಿರಬೇಕು. ಮೊದಲ ಹಂತವನ್ನು ಪ್ರತಿ ವರ್ಷ ಸ್ವದೇಶದಲ್ಲೇ ಆಡಿಕೊಂಡು ಬಂದವರಿಗೆ ಅದು ಕಷ್ಟವಾಗದು.

ಇಂತಿ,
ಒಬ್ಬ ಫುಟ್‌ಬಾಲ್ ಓದುಗ